ಹುಲಿ ಎಷ್ಟು ಹಾರಬಹುದು, ಕುರಿ ಯಾವಾಗ ನಡೆಯಬೇಕು?

ಹುಲಿ-ಕುರಿ ಆಟ ಜಗಳವಿಲ್ಲದೆ ಮುಗಿಯುವುದು ಅಪರೂಪ. "ಒಂದೇ ಏಟಿಗೆ ಎರಡು ಕುರಿ ಹೊಡೆಯೋ ಹಾಗಿಲ್ಲ" ಎಂದು ಒಬ್ಬರು, "ನಮ್ಮೂರಲ್ಲಿ ಹೊಡೀತೀವಿ" ಎಂದು ಇನ್ನೊಬ್ಬರು. "ಕುರಿ ಎಲ್ಲ ಇಳಿಯೋ ತನಕ ಒಂದನ್ನೂ ಸರಿಸಬಾರದು" ಎಂದು ಅಜ್ಜ, "ಯಾಕೆ ಬಾರದು, ತಾತ?" ಎಂದು ಮೊಮ್ಮಗ. ಕೊನೆಗೆ ಯಾರ ಗಂಟಲು ದೊಡ್ಡದೋ ಅವರ ನಿಯಮ ಗೆಲ್ಲುತ್ತದೆ. ನೋಡುವವರಿಗೆ ಇದು ಕಾಲಹರಣದ ವಾಗ್ವಾದ. ಆದರೆ ಈ ವಾಗ್ವಾದದ ಒಳಗೆ ಇಳಿದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಜಗಳವಾಡುವ ಪ್ರತಿಯೊಂದು ನಿಯಮವೂ ಆಟದ ತಕ್ಕಡಿಯನ್ನು ಒಂದು ಕಡೆಗೆ, ಹುಲಿಯ ಕಡೆಗೋ ಕುರಿಯ ಕಡೆಗೋ, ತುಸು ಬಾಗಿಸುತ್ತದೆ. ಈ ನಿಯಮಗಳನ್ನು ಹುಟ್ಟಿಸಿದವರು ಯಾರೆಂದು ಹೇಳುವ ಪುಸ್ತಕವಿಲ್ಲ. ಆದರೆ ಅವರು ಲೆಕ್ಕ ಬಲ್ಲವರಾಗಿದ್ದರು ಎಂಬುದಕ್ಕೆ ಆಟವೇ ಸಾಕ್ಷಿ.

ಹುಲಿ ಮತ್ತು ಕುರಿಯ ಮಾತು ಬಂದಾಗ ಗುಂಡ್ಲುಪೇಟೆ, ಚಾಮರಾಜನಗರದ ನೆನಪಾಗುವುದು ಸಹಜ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯ ಪಾಲಿಗೆ ಎರಡು ಹುಲಿ ಸಂರಕ್ಷಿತ ಪ್ರದೇಶಗಳು ಬಂದಿವೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಆ ಪಟ್ಟಿಗೆ ಸೇರಿತು. ಮಲೆ ಮಹದೇಶ್ವರನ ವಾಹನವೇ ಹುಲಿ. ಕಾಡಂಚಿನ ಹಳ್ಳಿಗಳಲ್ಲಿ ದನ, ಕುರಿ, ಆಡು ಮೇಯಿಸುವವರಿಗೆ ಹುಲಿ ಪುರಾಣದ ಪ್ರಾಣಿಯೂ ಹೌದು, ನಿನ್ನೆ ಮೊನ್ನೆ ಹೆಜ್ಜೆ ಗುರುತು ಬಿಟ್ಟುಹೋದ ಪ್ರಾಣಿಯೂ ಹೌದು. ಹಿಂಡಿನಿಂದ ಬೇರೆಯಾದ ಕುರಿ ಉಳಿಯುವುದಿಲ್ಲ ಎಂಬುದು ಅಲ್ಲಿ ಗಾದೆಯಲ್ಲ, ದಿನನಿತ್ಯದ ಅನುಭವ. ಮುಂದೆ ಕಾಣುವಂತೆ, ಹುಲಿ-ಕುರಿ ಆಟದ ಕಾಳಗದ ನಿಯಮವೂ ಅದೇ ಮಾತನ್ನು ಹೇಳುತ್ತದೆ.

ಗುಂಡ್ಲುಪೇಟೆಗೆ ಇನ್ನೂ ಒಂದು ವಿಶೇಷವಿದೆ. ಮೈಸೂರಿನಿಂದ ಬಂದ ದಾರಿ ಇಲ್ಲಿ ಕವಲೊಡೆದು ಒಂದು ಊಟಿಯ ಕಡೆಗೆ, ಇನ್ನೊಂದು ವಯನಾಡಿನ ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುತ್ತದೆ. ಚಾಮರಾಜನಗರದಿಂದ ಹೊರಟರೆ ಸತ್ಯಮಂಗಲದ ಘಟ್ಟ. ಮೂರು ಭಾಷೆಯ ಜನ ಸಂತೆಯಲ್ಲಿ ಬೆರೆಯುವ ಸೀಮೆ ಇದು. ಕನ್ನಡದ ಹುಲಿ-ಕುರಿ ಅಥವಾ ಆಡು-ಹುಲಿ ಆಟವೇ ತಮಿಳಿನಲ್ಲಿ 'ಆಡು ಪುಲಿ ಆಟ್ಟಂ', ತೆಲುಗಿನಲ್ಲಿ 'ಪುಲಿ-ಮೇಕ'. ಕುರಿ, ಆಡು, ಮೇಕೆ ಎಂದು ಹೆಸರು ಬದಲಾದರೂ ಪಟ ಹೆಚ್ಚುಕಡಿಮೆ ಒಂದೇ. ಬದಲಾಗುವುದು ನಿಯಮದ ಸಣ್ಣ ಸಣ್ಣ ಎಳೆಗಳು. ಜಗಳ ಹುಟ್ಟುವುದೂ ಅಲ್ಲೇ.

ಪಟ ಮತ್ತು ಪಡೆ

ಮೊದಲು ಪಟವನ್ನು ಬರೆದುಕೊಳ್ಳೋಣ. ಒಂದು ದೊಡ್ಡ ತ್ರಿಕೋನ. ಅದರ ತುದಿಯಿಂದ ತಳದವರೆಗೆ ಒಳಗೆ ಇನ್ನೂ ಎರಡು ಗೆರೆ. ಅಲ್ಲಿಗೆ ತುದಿಯಿಂದ ಇಳಿಯುವ ಗೆರೆಗಳು ಒಟ್ಟು ನಾಲ್ಕಾದವು. ಈಗ ತ್ರಿಕೋನದ ನಡುಭಾಗದ ಮೇಲೆ ಎರಡೂ ಮಗ್ಗುಲಿಗೆ ಚಾಚಿಕೊಳ್ಳುವಂತೆ ಒಂದು ಉದ್ದನೆಯ ಆಯತ. ಆಯತದ ನಡುವೆ ಎಡದಿಂದ ಬಲಕ್ಕೆ ಇನ್ನೊಂದು ಅಡ್ಡಗೆರೆ. ತ್ರಿಕೋನದ ತುದಿ ಆಯತದ ಮೇಲೆ ಉಳಿಯಬೇಕು, ತಳ ಆಯತದ ಕೆಳಗೆ ಉಳಿಯಬೇಕು. ಗೆರೆ ಗೆರೆ ಕೂಡುವ ಜಾಗವೇ ಮನೆ. ಮನೆಗಳನ್ನು ಎಣಿಸಿ: ತುದಿಯಲ್ಲಿ 1, ಆಯತದ ಮೂರು ಅಡ್ಡಗೆರೆಗಳಲ್ಲಿ ತಲಾ 6ರಂತೆ 18, ತಳದಲ್ಲಿ 4. ಒಟ್ಟು 23.

ಪಡೆಗಳು ಸಮನಲ್ಲ. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಕಾಯಿಗಳಿಗೆ ಅಂಗಡಿಗೆ ಹೋಗಬೇಕಿಲ್ಲ. ಕುರಿಗೆ ಹುಣಸೆಬೀಜ, ಹುಲಿಗೆ ಕಲ್ಲು ಸಾಕು. ಸಾಮಾನ್ಯವಾಗಿ ಒಂದು ಹುಲಿಯನ್ನು ತುದಿಯ ಮನೆಯಲ್ಲೂ ಉಳಿದೆರಡನ್ನು ಅದರ ಕೆಳಗಿನ ಅಡ್ಡಗೆರೆಯ ನಡುವಿನ ಎರಡು ಮನೆಗಳಲ್ಲೂ ಇಟ್ಟು ಆಟ ಶುರು ಮಾಡುತ್ತಾರೆ. ಕುರಿಗಳು ಆಗ ಪಟದ ಹೊರಗೆ, ಆಡುವವನ ಕೈಯಲ್ಲಿರುತ್ತವೆ.

ಪಗಡೆಯಲ್ಲಿ ದಾಳವಿದೆ, ಚೌಕಾಬಾರದಲ್ಲಿ ಕವಡೆಯಿದೆ. ಅಲ್ಲಿ ಸೋತವನು ಅದೃಷ್ಟವನ್ನು ಬೈಯಬಹುದು. ಹುಲಿ-ಕುರಿಯಲ್ಲಿ ಆ ಅನುಕೂಲವಿಲ್ಲ. ಚದುರಂಗದಂತೆ ಇಲ್ಲಿಯೂ ಎಲ್ಲವೂ ಕಣ್ಣ ಮುಂದೆ ಬಿಚ್ಚಿಟ್ಟಿದೆ. ಆದರೆ ಚದುರಂಗದಲ್ಲಿ ಎರಡು ಸೇನೆಗಳೂ ಒಂದೇ ಬಗೆಯವು. ಇಲ್ಲಿ ಒಂದು ಕಡೆ ಬಲ, ಇನ್ನೊಂದು ಕಡೆ ಸಂಖ್ಯೆ. ಇಂಥ ಅಸಮಾನ ಯುದ್ಧದ ಆಟಗಳು ಬೇರೆಡೆಯೂ ಇವೆ. ನೇಪಾಳದ 'ಬಾಘ್‌ಚಾಲ್'ನಲ್ಲಿ 25 ಮನೆ, 4 ಹುಲಿ, 20 ಆಡು. ಯುರೋಪಿನ 'ನರಿ ಮತ್ತು ಬಾತು' ಆಟದಲ್ಲಿ 33 ಮನೆ, ಒಂದೇ ನರಿ, ಎದುರಿಗೆ ಹದಿಮೂರೋ ಹದಿನೇಳೋ ಬಾತುಗಳು.

ನಡೆ

ಮೊದಲ ಸರದಿ ಕುರಿಯವನದು. ಆತ ಒಂದು ಕುರಿಯನ್ನು ಖಾಲಿ ಮನೆಯಲ್ಲಿ ಇಡುತ್ತಾನೆ. ಹುಲಿಯವನು ತನ್ನ ಮೂರರಲ್ಲಿ ಯಾವುದಾದರೂ ಒಂದು ಹುಲಿಯನ್ನು ನಡೆಸುತ್ತಾನೆ. ಹೀಗೆ ಹದಿನೈದು ಕುರಿಗಳೂ ಪಟಕ್ಕೆ ಇಳಿಯುವವರೆಗೆ ಆಟದ ಮೊದಲ ಘಟ್ಟ. ಈ ಘಟ್ಟದಲ್ಲಿ ಇಳಿದ ಕುರಿ ಇಳಿದಲ್ಲೇ ಇರಬೇಕು. ಹದಿನೈದನೆಯದು ಇಳಿದ ಮೇಲೆ ಎರಡನೆಯ ಘಟ್ಟ. ಆಗ ಕುರಿಗೂ ಕಾಲು ಬರುತ್ತದೆ. ಗೆರೆಯ ಮೇಲೆ, ಪಕ್ಕದ ಖಾಲಿ ಮನೆಗೆ, ಒಂದು ಸರದಿಗೆ ಒಂದು ಹೆಜ್ಜೆ. ಚದುರಂಗದ ಕಾಲಾಳಿನಂತೆ ಮುಂದೆಯೇ ಹೋಗಬೇಕೆಂಬ ಕಟ್ಟಿಲ್ಲ. ಹಿಂದೆ, ಮುಂದೆ, ಪಕ್ಕಕ್ಕೆ, ಗೆರೆ ಇರುವ ಯಾವ ಕಡೆಗೂ ಸರಿಯಬಹುದು. ಹುಲಿಯ ನಡೆಯೂ ಹೀಗೆಯೇ ಒಂದು ಹೆಜ್ಜೆ. ಬರಿಯ ನಡೆಯಲ್ಲಿ ಹುಲಿಗೂ ಕುರಿಗೂ ಭೇದವಿಲ್ಲ. ಭೇದವಿರುವುದು ಕಾಳಗದಲ್ಲಿ.

ಕಾಳಗ

ಹುಲಿ ಕುರಿಯನ್ನು ಹಾರಿ ಕೊಲ್ಲುತ್ತದೆ. ಇದಕ್ಕೆ ಮೂರು ಷರತ್ತು. ಕುರಿ ಹುಲಿಯ ಪಕ್ಕದ ಮನೆಯಲ್ಲೇ ಇರಬೇಕು. ಕುರಿಯ ಬೆನ್ನಿನ ಮನೆ ಖಾಲಿ ಇರಬೇಕು. ಹುಲಿ, ಕುರಿ, ಖಾಲಿ ಮನೆ ಈ ಮೂರೂ ಒಂದೇ ನೇರ ಗೆರೆಯಲ್ಲಿರಬೇಕು. ಹಾರಿದ ಹುಲಿ ಖಾಲಿ ಮನೆಯಲ್ಲಿ ಇಳಿಯುತ್ತದೆ, ಕುರಿ ಪಟದಿಂದ ಆಚೆ ಹೋಗುತ್ತದೆ. ಹುಲಿ ಇನ್ನೊಂದು ಹುಲಿಯನ್ನು ಹಾರುವಂತಿಲ್ಲ. ಒತ್ತಾಗಿ ನಿಂತ ಎರಡು ಕುರಿಗಳನ್ನು ಒಟ್ಟಿಗೆ ಹಾರುವಂತಿಲ್ಲ. ಕುರಿಗೆ ಹಾರುವ ಹಕ್ಕೇ ಇಲ್ಲ. ಬೆನ್ನಿಗೆ ಜೊತೆಗಾರನಿರುವ ಕುರಿ ಬದುಕುತ್ತದೆ, ಬೆನ್ನು ಬರಿದಾದ ಕುರಿ ಸಾಯುತ್ತದೆ. ಕಾಡಂಚಿನ ಕುರಿಗಾಹಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯ ಷರತ್ತನ್ನೇ ಜನ ಮರೆಯುವುದು ಹೆಚ್ಚು. ತ್ರಿಕೋನದ ತುದಿಯಲ್ಲಿ ಒಂದು ಕುರಿ ಕೂತಿದೆ ಎನ್ನಿ. ಎಡಗಡೆಯ ಗೆರೆಯಿಂದ ಹುಲಿ ಏರಿ ಬಂದು, ತುದಿಯ ಕುರಿಯನ್ನು ಹಾರಿ, ಬಲಗಡೆಯ ಗೆರೆಯಲ್ಲಿ ಇಳಿಯಬಹುದೇ? ಗೆರೆಗಳು ತುದಿಯಲ್ಲಿ ಕೂಡಿರುವುದರಿಂದ ಆಗಬಹುದೆಂದು ಹಲವರ ವಾದ. ಆದರೆ ತುದಿಯಲ್ಲಿ ಗೆರೆ ಬಾಗುತ್ತದೆ. ಹುಲಿ ಬಾಗಿ ಹಾರುವುದಿಲ್ಲ. ನೇರ ಗೆರೆಯ ನಿಯಮವನ್ನು ಒಪ್ಪಿದರೆ ತುದಿಯ ಕುರಿಯನ್ನು ಯಾವ ಹುಲಿಯೂ ಮುಟ್ಟಲಾರದು, ಏಕೆಂದರೆ ಯಾವ ಗೆರೆಯೂ ತುದಿಯನ್ನು ದಾಟಿ ಮುಂದೆ ಹೋಗುವುದಿಲ್ಲ.

ಇದೇ ತರ್ಕವನ್ನು ಪಟದ ತುಂಬ ಹರಡಿ ನೋಡಿ. ಎಲ್ಲ ಗೆರೆಗಳೂ ಬಂದು ನಿಂತುಬಿಡುವ ಮನೆಗಳು ಎಷ್ಟಿವೆ? ತುದಿ ಒಂದು, ಆಯತದ ಮೂಲೆಗಳು ನಾಲ್ಕು, ತಳದ ಎರಡು ಕೊನೆಗಳು. ಒಟ್ಟು 7. ಈ ಏಳು ಮನೆಗಳಲ್ಲಿ ಕುರಿಗೆ ಸಾವಿಲ್ಲ. ಆಯತದ ನಾಲ್ಕು ಮೂಲೆ ಮತ್ತು ತಳದ ಎರಡು ಕೊನೆಗಳಲ್ಲಿ ಆರು ಕುರಿ ಕೂತವೆಂದರೆ ಇನ್ನೊಂದು ಲಾಭವಿದೆ. ಆಯತದ ಎರಡು ಮಗ್ಗುಲಿನ ನಡುಮನೆಗಳು, ತಳದ ನಡುವಿನ ಎರಡು ಮನೆಗಳು, ಈ ನಾಲ್ಕರಲ್ಲಿ ಇಡುವ ಕುರಿಗಳಿಗೂ ಆಗ ಬೆನ್ನುಗಾವಲು ಸಿಕ್ಕುತ್ತದೆ. ಅಂದರೆ ಹುಲಿ ಮೊದಲೇ ಬಂದು ಜಾಗ ಹಿಡಿಯದಿದ್ದರೆ, ಹತ್ತು ಕುರಿಗಳನ್ನು ಒಂದೂ ಸಾಯದಂತೆ ಅಂಚಿಗೆ ಇಳಿಸಬಹುದು. ಬಲ್ಲವರು ಕುರಿ ಇಡುವುದನ್ನು ಮೂಲೆಯಿಂದ ಶುರು ಮಾಡುವ ಗುಟ್ಟು ಇದು.

ಉಳಿದ ಐದು ಕುರಿಗಳೇ ಆಟದ ಜೀವ. ಅವು ಪಟದ ನಡುವಿಗೆ, ಹುಲಿಗಳ ಬಾಯ ಮುಂದೆಯೇ ಇಳಿಯಬೇಕು.

ಮೊದಲ ತಕರಾರು: ಕುರಿಗೆ ಕಾಲು ಯಾವಾಗ?

ಈಗ ಅಜ್ಜನ ನಿಯಮಕ್ಕೆ ಬರೋಣ. ಎಲ್ಲ ಕುರಿಗಳೂ ಇಳಿಯುವವರೆಗೆ ಯಾವ ಕುರಿಯೂ ನಡೆಯಬಾರದೇಕೆ? ನಡೆಯಬಹುದೆಂದು ಬಿಟ್ಟುಬಿಡಿ, ಏನಾಗುತ್ತದೆ ನೋಡಿ. ಕುರಿಯವನು ಹತ್ತು ಕುರಿಗಳನ್ನು ಅಂಚಿನಲ್ಲಿ ಭದ್ರಮಾಡಿ, ಐದನ್ನು ಕೈಯಲ್ಲಿಟ್ಟುಕೊಂಡು, ಅಂಚಿನ ಒಂದು ಕುರಿಯನ್ನು ಅತ್ತ ಇತ್ತ ಸರಿಸುತ್ತ ಕಾಲ ಕಳೆಯಬಹುದು. ಹುಲಿ ತಪ್ಪಿ ಮೂಲೆಗೆ ಬಂದಾಗ ಮಾತ್ರ ಕೈಯಲ್ಲಿರುವುದನ್ನು ಇಳಿಸಬಹುದು. ಆಟ ಹೆಪ್ಪುಗಟ್ಟುತ್ತದೆ. ಅಜ್ಜನ ನಿಯಮ ಇದಕ್ಕೆ ಅವಕಾಶ ಕೊಡುವುದಿಲ್ಲ. ಪ್ರತಿ ಸರದಿಗೂ ಒಂದು ಕುರಿ ಇಳಿಯಲೇಬೇಕು, ಇಳಿದದ್ದು ಅಲುಗಬಾರದು ಎಂದಾಗ, ಹನ್ನೊಂದನೆಯ ಕುರಿಯಿಂದಾಚೆಗೆ ಅಪಾಯಕ್ಕೆ ಮೈಯೊಡ್ಡುವುದು ಅನಿವಾರ್ಯ. ಕುರಿಯವನ ಲೆಕ್ಕಾಚಾರವೆಲ್ಲ ಆ ಐದರ ಮೇಲೆ ನಿಲ್ಲುತ್ತದೆ. ಹೀಗಾಗಿ ಈ ನಿಯಮ ಹುಲಿಯ ಪರವಾದದ್ದು. ಆದರೆ ಅದಿಲ್ಲದಿದ್ದರೆ ಆಟವೇ ಇಲ್ಲ.

ಎರಡನೆಯದು: ಒಂದೇ ಸರದಿಗೆ ಎರಡು ಬೇಟೆ

ಒಂದು ಕುರಿಯನ್ನು ಹಾರಿ ಇಳಿದ ಹುಲಿಯ ಮುಂದೆ ಇನ್ನೊಂದು ಬೆನ್ನುಗಾವಲಿಲ್ಲದ ಕುರಿ ಇದ್ದರೆ ಅದನ್ನೂ ಅದೇ ಸರದಿಯಲ್ಲಿ ಹಾರಬಹುದೇ? ಯುರೋಪಿನ ನರಿಗೆ ಈ ಹಕ್ಕುಂಟು. ನೇಪಾಳದ ಹುಲಿಗಿಲ್ಲ. ನಮ್ಮಲ್ಲಿ ಒಂದು ಸರದಿಗೆ ಒಂದೇ ಬೇಟೆ ಎನ್ನುವ ಕಡೆಗಳೇ ಹೆಚ್ಚು. ಇದಕ್ಕೂ ಕಾರಣವುಂಟು. ಒಂದು ಬೇಟೆಯ ನಂತರ ಸರದಿ ಕುರಿಯವನಿಗೆ ಬರುತ್ತದೆ. ಬಿದ್ದ ಕಂಡಿಯನ್ನು ಮುಚ್ಚಲು, ಬೆನ್ನು ಬರಿದಾದ ಕುರಿಗೆ ಜೊತೆ ಕೊಡಲು ಅವನಿಗೆ ಒಂದು ಉಸಿರಿನ ಅವಕಾಶ ಸಿಕ್ಕುತ್ತದೆ. ಸರಣಿ ಬೇಟೆಗೆ ಒಪ್ಪಿದರೆ ಒಂದು ತಪ್ಪಿಗೆ ಮೂರು ಕುರಿಗಳ ದಂಡ ತೆರಬೇಕಾದೀತು. ಮೂರು ಹುಲಿಗಳೂ ಪಳಗಿದ ಕೈಯಲ್ಲಿದ್ದರೆ ಕುರಿಗಳು ಚೇತರಿಸಿಕೊಳ್ಳಲಾರವು. ಆದ್ದರಿಂದ ಸರಣಿ ಬೇಟೆ ಬೇಕೆನ್ನುವವರು ಕುರಿಗಳ ಸಂಖ್ಯೆಯನ್ನೂ ಹೆಚ್ಚಿಸಿಕೊಳ್ಳುವುದು ನ್ಯಾಯ.

ಮೂರನೆಯದು: ಹಸಿವಿಲ್ಲದ ಹುಲಿ

ಕುರಿ ಸಿಕ್ಕಿದಾಗ ಹುಲಿ ಹಾರಲೇಬೇಕೇ? ಇಂಗ್ಲಿಷರ 'ಡ್ರಾಫ್ಟ್ಸ್' ಆಟದಲ್ಲಿ ಹೊಡೆಯುವ ಅವಕಾಶ ಇದ್ದರೆ ಹೊಡೆಯಲೇಬೇಕು. ಆ ಅಭ್ಯಾಸ ಇರುವವರು ಇಲ್ಲಿಗೂ ಅದನ್ನು ತರುತ್ತಾರೆ. ಆದರೆ ಹುಲಿ-ಕುರಿಯ ವಾಡಿಕೆಯ ಆಟದಲ್ಲಿ ಹುಲಿ ತನ್ನಿಷ್ಟದ ಯಜಮಾನ, ಬೇಟೆ ಬಿಡಬಹುದು. ಕಡ್ಡಾಯವೆಂದು ಮಾಡಿದರೆ ತಕ್ಕಡಿ ಕುರಿಯ ಕಡೆಗೆ ವಾಲುತ್ತದೆ. ಕುರಿಯವನು ಒಂದು ಕುರಿಯನ್ನು ಬೇಕೆಂದೇ ಬಲಿಗೆ ಇಟ್ಟು, ಹುಲಿಯನ್ನು ತನಗೆ ಬೇಕಾದ ಮೂಲೆಗೆ ಎಳೆದು ತರಬಹುದು. ಬಲಿ ಕೊಟ್ಟು ಹುಲಿಯನ್ನು ಕಟ್ಟುವ ಈ ತಂತ್ರ ಕಡ್ಡಾಯವಿಲ್ಲದ ಆಟದಲ್ಲೂ ಇದೆ. ಆದರೆ ಅಲ್ಲಿ ಹುಲಿಯ ಆಸೆಯನ್ನು ಕೆಣಕಬೇಕು, ಬಲವಂತ ಮಾಡುವಂತಿಲ್ಲ. ಆಸೆಬುರುಕ ಹುಲಿ ಸೋಲುವುದು, ತಾಳ್ಮೆಯ ಹುಲಿ ಗೆಲ್ಲುವುದು ಎಂಬ ನೀತಿ ಉಳಿಯಬೇಕಾದರೆ ಬೇಟೆ ಐಚ್ಛಿಕವಾಗಿಯೇ ಇರಬೇಕು.

ನಾಲ್ಕನೆಯದು: ಕಟ್ಟಿದ ಹುಲಿ ಸತ್ತಿತೇ?

ಕುರಿಗಳ ಗೆಲುವು ಹುಲಿಗಳನ್ನು ಕಟ್ಟಿಹಾಕುವುದರಲ್ಲಿದೆ. ಹುಲಿ ನಡೆಯಲೂ ಆಗಬಾರದು, ಹಾರಲೂ ಆಗಬಾರದು. ಅಂದರೆ ಸುತ್ತಣ ಮನೆಗಳಷ್ಟೇ ತುಂಬಿದರೆ ಸಾಲದು, ಅವುಗಳ ಬೆನ್ನಿನ ಮನೆಗಳೂ ತುಂಬಿರಬೇಕು. ಲೆಕ್ಕ ಹಾಕಿ. ಆಯತದ ಮೂಲೆಯಲ್ಲಿ ಕೂತ ಹುಲಿಗೆ ಎರಡು ನೆರೆಮನೆ, ಎರಡು ಬೆನ್ನಿನ ಮನೆ. ಅದನ್ನು 4 ಕುರಿಗಳಿಂದ ಕಟ್ಟಬಹುದು. ತಳದ ಕೊನೆಯಲ್ಲಿದ್ದರೂ ಅಷ್ಟೇ. ಆದರೆ ಪಟದ ನಟ್ಟನಡುವಿನ ಹುಲಿಗೆ ನಾಲ್ಕು ನೆರೆ, ನಾಲ್ಕು ಬೆನ್ನು, ಒಟ್ಟು 8 ಕುರಿ ಬೇಕು. ತುದಿಯ ಹುಲಿಗೂ ಎಂಟೇ. ಹುಲಿ ಮೂಲೆಗೆ ಹೋಗಬಾರದೆಂದು ಹಿರಿಯರು ಹೇಳುವುದು ಇದಕ್ಕೇ. ಮೂಲೆ ಕುರಿಗೆ ಕೋಟೆ, ಹುಲಿಗೆ ಬೋನು. ಒಂದೇ ಮನೆ ಒಬ್ಬನಿಗೆ ಅಭಯ, ಇನ್ನೊಬ್ಬನಿಗೆ ಅಪಾಯವಾಗುವುದು ಈ ಪಟದ ಸೊಗಸು. ಒಂದು ಹುಲಿಯ ಪಕ್ಕದಲ್ಲಿ ಇನ್ನೊಂದು ಹುಲಿ ನಿಂತರೆ ಅದೂ ದಾರಿಗೆ ಅಡ್ಡವೇ. ಹುಲಿಯನ್ನು ಹುಲಿ ಹಾರುವಂತಿಲ್ಲವಾದ್ದರಿಂದ ಕುರಿಗಳ ಕೆಲಸ ಅಷ್ಟು ಹಗುರಾಗುತ್ತದೆ.

ಈಗ ತಕರಾರು. ಒಂದು ಹುಲಿ ಕಟ್ಟಿಬಿದ್ದಿತು, ಇನ್ನೆರಡು ಓಡಾಡಿಕೊಂಡಿವೆ. ಕಟ್ಟಿದ ಹುಲಿಯನ್ನು ಪಟದಿಂದ ತೆಗೆಯಬೇಕೇ? ತೆಗೆಯುವ ವಾಡಿಕೆಯಿರುವಲ್ಲಿ ಕುರಿಗಳಿಗೆ ಹಬ್ಬ. ಅದನ್ನು ಕಟ್ಟಿದ ಕುರಿಗಳು ಬಿಡುವಾಗಿ ಮುಂದಿನ ಹುಲಿಯ ಬೆನ್ನು ಹತ್ತುತ್ತವೆ. ಒಂದೊಂದಾಗಿ ಮುಗಿಸಿದರಾಯಿತು. ತೆಗೆಯದಿರುವಲ್ಲಿ ಕಾವಲು ಕಾಯುವ ಕುರಿಗಳು ಅಲ್ಲೇ ನಿಲ್ಲಬೇಕು. ಅವುಗಳಲ್ಲೊಂದು ಅಲುಗಿದರೆ ಹುಲಿ ಎದ್ದು ಬರುತ್ತದೆ. ಮೂರೂ ಹುಲಿಗಳು ಬೇರೆ ಬೇರೆ ಮೂಲೆಗಳಲ್ಲಿ ಬಿದ್ದರೆ ನಾಲ್ಕು ನಾಲ್ಕರಂತೆ 12 ಕುರಿ ಬೇಕು. 15ರಲ್ಲಿ ಮೂರಕ್ಕಿಂತ ಹೆಚ್ಚು ಸತ್ತರೆ, ಒಂದೇ ಕುರಿ ಎರಡು ಹುಲಿಗೆ ಅಡ್ಡವಾಗುವಂತೆ ಹೆಣೆಯುವ ಜಾಣ್ಮೆ ಇಲ್ಲದೆ ಗೆಲ್ಲಲಾಗದು. ಹುಲಿ ಗೆಲ್ಲಲು ಎಷ್ಟು ಕುರಿ ತಿನ್ನಬೇಕೆಂಬ ಪ್ರಶ್ನೆಗೆ ಊರೂರಿಗೆ ಬೇರೆ ಬೇರೆ ಉತ್ತರ. ಐದು ಎನ್ನುವವರಿದ್ದಾರೆ, ಆರು ಎನ್ನುವವರಿದ್ದಾರೆ, ಎಲ್ಲ ಮುಗಿಯಲಿ ಎನ್ನುವವರಿದ್ದಾರೆ. ಮೇಲಿನ ಲೆಕ್ಕ ನೋಡಿದರೆ ಐದಾರು ಎಂಬುದು ಊಹೆಯ ಅಂಕಿಯಲ್ಲ, ಅಲ್ಲಿಂದ ಮುಂದೆ ಕುರಿಗಳಿಗೆ ಗೆಲುವು ದುಸ್ತರ ಎಂಬ ಅನುಭವದ ಗಡಿ ಎಂದು ತೋರುತ್ತದೆ.

ಐದನೆಯದು: ಮುಗಿಯದ ಆಟ

ಎರಡೂ ಕಡೆಯವರು ಎಚ್ಚರದಿಂದ ಆಡಿದರೆ ಹುಲಿ ಅತ್ತ, ಕುರಿ ಇತ್ತ, ಮತ್ತೆ ಹುಲಿ ಅತ್ತ ಎಂದು ಆಟ ಒಂದೇ ಕಡೆ ಸುತ್ತತೊಡಗಬಹುದು. ಆಗ ಏನು? ನೇಪಾಳದ ಬಾಘ್‌ಚಾಲ್ ಕುರಿತು ಸಿಂಗಪುರದ ಲಿಮ್ ಯೂ ಜಿನ್ ಮತ್ತು ಜ್ಯೂರಿಕ್‌ನ ಯೂರ್ಗ್ ನೀವರ್‌ಗೆಲ್ಟ್ ಎಂಬ ಗಣಕ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ಕಂಪ್ಯೂಟರ್ ನೆರವಿನಿಂದ ದೀರ್ಘ ಲೆಕ್ಕಾಚಾರ ನಡೆಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆ ಆಟ ಸಮದಲ್ಲಿ ಮುಗಿಯುತ್ತದೆ ಎಂದು ತೋರಿಸಿದರು. ನಾಲ್ಕು ಹುಲಿಗೆ ಇಪ್ಪತ್ತು ಆಡು ಎಂದು ಗೊತ್ತುಮಾಡಿದ ಹೆಸರಿಲ್ಲದ ಹಿಂದಿನವರು ತಕ್ಕಡಿಯ ಮುಳ್ಳನ್ನು ಎಷ್ಟು ಸರಿಯಾಗಿ ನಿಲ್ಲಿಸಿದ್ದರು ಎಂಬುದು ಆಶ್ಚರ್ಯ ಹುಟ್ಟಿಸುತ್ತದೆ. ಅದರ ಪಟ ಬೇರೆ, ನಮ್ಮದು ಬೇರೆ. ಅಲ್ಲಿನ ಉತ್ತರವನ್ನು ಇಲ್ಲಿಗೆ ಅಂಟಿಸುವಂತಿಲ್ಲ. ಆದರೆ ಒಂದು ಪಾಠವಂತೂ ಇದೆ. ಸುತ್ತಾಟ ಆಡುವವರ ದೋಷವಲ್ಲ, ಆಟದ ಸ್ವಭಾವ. ಒಂದೇ ಸ್ಥಿತಿ ಮೂರು ಸಲ ಬಂದರೆ ಸಮ ಎಂಬ ಚದುರಂಗದ ಕ್ರಮವನ್ನು ಇಲ್ಲಿಯೂ ಒಪ್ಪಿಕೊಂಡರೆ ಜಗಳ ತಪ್ಪುತ್ತದೆ.

ಅರಮನೆಯ ಆಟ, ಜಗಲಿಯ ಆಟ

ಆಟದ ನಿಯಮಗಳನ್ನು ಬರೆದಿಡುವ ಮಾತು ಬಂದಾಗ ಚಾಮರಾಜನಗರದ ನಂಟು ಇನ್ನೊಂದು ರೀತಿಯಲ್ಲಿ ಎದುರಾಗುತ್ತದೆ. ಅರಿಕುಠಾರ ಎಂಬುದು ಈ ಊರಿನ ಹಳೆಯ ಹೆಸರು. ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ನೆನಪಿಗೆ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು. 1826ರಲ್ಲಿ ಇಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಮುಮ್ಮಡಿಯವರು ವಿದ್ಯೆ, ಸಂಗೀತ, ಚಿತ್ರಕಲೆಗಳಿಗೆ ಆಸರೆಯಾದರು. ಅವರ ಇನ್ನೊಂದು ಒಲವು ಪಟದ ಆಟಗಳು. ಚದುರಂಗದ ಕುದುರೆಯನ್ನು ಒಂದು ಮನೆಗೆ ಒಂದೇ ಸಲದಂತೆ ಪಟವೆಲ್ಲ ಸುತ್ತಿಸುವ ಬಂಧಗಳನ್ನು ಅವರು ರಚಿಸಿದರು. ಒಂಬತ್ತು ನಿಧಿಗಳ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲಾಯಿತು. ಮೈಸೂರು ಗಂಜೀಫಾದ ಅವರ ಎಲೆಯಾಟಗಳು ಇಂದಿಗೂ ಲೋಕದ ಆಟದ ಇತಿಹಾಸಕಾರರನ್ನು ಸೆಳೆಯುತ್ತವೆ. ಅರಮನೆಯ ಆಟಗಳಿಗೆ ಹೀಗೆ ಚಿತ್ರ, ಬರಹ, ಚೌಕಟ್ಟು ಎಲ್ಲವೂ ದೊರೆತವು. ಜಗಲಿಯ ಹುಲಿ-ಕುರಿಯಾದರೋ ಬಹುಪಾಲು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದಿದೆ.

ಆದರೆ ಬರೆದಿಡುವುದರಲ್ಲೂ ಒಂದು ತೊಡಕಿದೆ. ಚದುರಂಗವನ್ನೇ ನೋಡಿ. ನಮ್ಮ ದೇಶದಲ್ಲಿ ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಇಡುತ್ತಿತ್ತು. ರಾಜನಿಗೆ ಒಂದು ಸಲ ಕುದುರೆಯಂತೆ ಜಿಗಿಯುವ ಅವಕಾಶವಿತ್ತು. ಈ ಕ್ರಮದಲ್ಲಿ ಪಳಗಿ, ಆಮೇಲೆ ಪಾಶ್ಚಾತ್ಯ ನಿಯಮ ಕಲಿತ ಮೀರ್ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1924ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ 'ಫಿಡೆ' ಒಂದೇ ನಿಯಮವನ್ನು ಲೋಕಕ್ಕೆಲ್ಲ ತಂದಿತು. ಅದರಿಂದಲೇ ಇಂದು ಮೈಸೂರಿನ ಹುಡುಗ ಮಾಸ್ಕೋದ ಹುಡುಗಿಯೊಡನೆ ಜಗಳವಿಲ್ಲದೆ ಆಡಬಲ್ಲ. ಆದರೆ ಅದೇ ಹೊತ್ತಿಗೆ ಊರೂರಿನ ಚದುರಂಗದ ಪಾಠಾಂತರಗಳು ಮರೆಯಾದವು. ಒಂದು ನಿಯಮ ಅಚ್ಚಾದರೆ ಉಳಿದವು ತಪ್ಪು ಎನಿಸಿಕೊಳ್ಳುತ್ತವೆ. ಏನೂ ಅಚ್ಚಾಗದಿದ್ದರೆ ಎಲ್ಲವೂ ಮರೆತುಹೋಗುತ್ತವೆ.

ಹುಲಿ-ಕುರಿಯ ಮುಂದಿರುವ ಇಕ್ಕಟ್ಟೂ ಇದೇ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆಗಳು ಹಳೆಯ ಪಟಗಳನ್ನು ಹೊಸದಾಗಿ ಮಾಡಿಸಿ, 'ಕ್ರೀಡಾ ಕೌಶಲ್ಯ' ಪ್ರದರ್ಶನಗಳನ್ನು ನಡೆಸಿ, ಈ ಆಟಗಳನ್ನು ಮನೆಗಳಿಗೆ ಮರಳಿಸಿವೆ. ಕೊಂಡ ಪಟದ ಜೊತೆಗೆ ಒಂದು ನಿಯಮದ ಹಾಳೆಯೂ ಬರುತ್ತದೆ. ಮೊಬೈಲ್ ಫೋನಿನಲ್ಲೂ ಆಟ ಬಂದಿದೆ. ಅಲ್ಲಿ ನಿಯಮವನ್ನು ಯಂತ್ರವೇ ಗೊತ್ತುಮಾಡುತ್ತದೆ, ವಾದಕ್ಕೆ ಜಾಗವಿಲ್ಲ. ಇವೆಲ್ಲ ಒಳ್ಳೆಯದೇ. ಆದರೆ ನಿಮ್ಮ ಅಜ್ಜಿಯ ನಿಯಮ ಆ ಹಾಳೆಯಲ್ಲಿ ಇಲ್ಲದಿದ್ದರೆ ಅದು ತಪ್ಪು ನಿಯಮವಲ್ಲ. ಆ ಊರಿನವರು ತಕ್ಕಡಿಯನ್ನು ಬೇರೆ ರೀತಿಯಲ್ಲಿ ತೂಗಿದ್ದರು, ಅಷ್ಟೇ.

ಇನ್ನು ಕಲ್ಲಿನ ಮಾತು. ಹಂಪೆಯ ಮಂಟಪಗಳ ನೆಲದಿಂದ ಹಿಡಿದು ನಾಡಿನ ಹಲವು ಗುಡಿಗಳ ಜಗತಿ, ಹಾಸುಬಂಡೆಗಳವರೆಗೆ ಇಂಥ ಆಟದ ಪಟಗಳನ್ನು ಕೊರೆದಿರುವುದು ಕಾಣಸಿಗುತ್ತದೆ. ಗುಡಿಯ ವಯಸ್ಸೇ ಪಟದ ವಯಸ್ಸೆಂದು ಹೇಳಲಾಗದು. ಕಟ್ಟುವ ಕಾಲದ ಕಲ್ಲುಕುಟಿಗರು ಬಿಡುವಿನಲ್ಲಿ ಕೊರೆದಿರಬಹುದು, ನೂರಾರು ವರ್ಷಗಳ ನಂತರ ಜಾತ್ರೆಗೆ ಬಂದವರೂ ಕೊರೆದಿರಬಹುದು. ಆದರೂ ಅವು ಇತಿಹಾಸದ ಗುರುತುಗಳೇ. ಶಾಸನದಲ್ಲಿ ರಾಜರ ಹೆಸರಿದೆ, ಈ ಗೆರೆಗಳಲ್ಲಿ ಬಿಡುವಿನ ವೇಳೆ ಕೂತು ಆಡಿದ ಸಾಮಾನ್ಯರ ಕೈಗುರುತಿದೆ. ಹಳೆಯ ಜಗಲಿ ಒಡೆದು ಗ್ರಾನೈಟ್ ಹಾಸುವಾಗ, ಗುಡಿಯ ನೆಲಕ್ಕೆ ಟೈಲ್ಸ್ ಕೂರಿಸುವಾಗ ಶಾಸನವನ್ನಾದರೂ ಯಾರಾದರೂ ಎತ್ತಿಡುತ್ತಾರೆ. ಹುಲಿ-ಕುರಿ ಗೆರೆಯ ಕಲ್ಲನ್ನು ಎತ್ತಿಡುವವರಿಲ್ಲ. ಕಲ್ಲು ಹೋದರೂ ಪಟವನ್ನು ಸೀಮೆಸುಣ್ಣದಿಂದ ಮತ್ತೆ ಬರೆಯಬಹುದು. ನಿಯಮ ಬಲ್ಲ ಹಿರಿಯರು ಹೋದರೆ ಮತ್ತೆ ಬರೆಯಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಆಟಕ್ಕೆ ಕೂರುವ ಮುನ್ನ ಐದು ಪ್ರಶ್ನೆಗಳನ್ನು ಇತ್ಯರ್ಥ ಮಾಡಿಕೊಳ್ಳುವುದು ವಾಸಿ. ಎಲ್ಲ ಕುರಿ ಇಳಿಯುವ ಮೊದಲು ಕುರಿ ನಡೆಯಬಹುದೇ? ಒಂದು ಸರದಿಗೆ ಎಷ್ಟು ಬೇಟೆ? ಬೇಟೆ ಕಡ್ಡಾಯವೇ? ಕಟ್ಟಿದ ಹುಲಿ ಪಟದಲ್ಲಿ ಉಳಿಯುತ್ತದೆಯೇ, ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ? ಆಟ ಸುತ್ತತೊಡಗಿದರೆ ಏನು? ಐದಕ್ಕೂ ಉತ್ತರ ಸಿಕ್ಕರೆ ಆಮೇಲೆ ಜಗಳಕ್ಕೆ ಎಡೆಯಿಲ್ಲ. ಇದೇ ಐದು ಪ್ರಶ್ನೆಗಳನ್ನು ಮನೆಯ ಹಿರಿಯರ ಮುಂದಿಟ್ಟು, ಅವರು ಹೇಳಿದ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಅದರ ತಲೆಯ ಮೇಲೆ ಊರಿನ ಹೆಸರನ್ನು ಹಾಕಿಡಿ. 'ಹುಲಿ-ಕುರಿ ಆಟದ ನಿಯಮ' ಎಂದಷ್ಟೇ ಬರೆದರೆ ಅದು ಉಳಿದ ಊರುಗಳ ಮೇಲೆ ತೀರ್ಪು ಕೊಟ್ಟಂತೆ. 'ನಮ್ಮೂರಿನ ಹುಲಿ-ಕುರಿ' ಎಂದು ಬರೆದರೆ ಪಕ್ಕದ ಊರಿನವರೂ ತಮ್ಮದನ್ನು ಬರೆಯಬಹುದು. ಗುಂಡ್ಲುಪೇಟೆಯ ಹಾಳೆಯ ಪಕ್ಕದಲ್ಲಿ ಚಾಮರಾಜನಗರದ್ದು, ಅದರ ಪಕ್ಕದಲ್ಲಿ ಸತ್ಯಮಂಗಲದ್ದು ಸೇರಿದರೆ, ಯಾವ ಸೀಮೆಯವರು ಹುಲಿಯ ಕಡೆ ವಾಲಿದ್ದರು, ಯಾರು ಕುರಿಯ ಕಡೆ ನಿಂತಿದ್ದರು ಎಂಬುದು ಆಗ ತಾನಾಗಿ ತಿಳಿದೀತು.